ಉದ್ರಿ ಪುಸ್ತಕದಲ್ಲಿ ಬೆಳೆದ ಗ್ಯಾಲರಿ

ಕಲಾಸಕ್ತರ ಸಣ್ಣ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪವಿದು. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳ ಬದಲಿಗೆ ಅಲ್ಲಲ್ಲಿ ನಾಲ್ಕು ಮಾತು ಹೆಚ್ಚಿಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಚಿತ್ರಕಲೆಯ ಮಾತು ಕೇಳಲು ಬಂದವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಇವತ್ತು ನಾನು ಬಣ್ಣದ ಬಗ್ಗೆ ಆಡುವ ಮಾತು ಕಡಿಮೆ, ಸಾಲದ ಬಗ್ಗೆ ಹೆಚ್ಚು. ಪ್ಯಾರಿಸ್ಸಿನ ಡ್ಯುರಾಂ-ರುಯೆಲ್ ಮನೆತನದವರು ನಾಲ್ಕು ತಲೆಮಾರು ನಡೆಸಿದ ಗ್ಯಾಲರಿಯ ಕಥೆ ಇದು. ಮೋನೆ, ರೆನ್ವಾರ್, ಪಿಸಾರೊ, ಸಿಸ್ಲೆ ಎಂಬ ಚಿತ್ರಕಾರರ ಹೆಸರುಗಳು ಇಂದು ಚಿತ್ರ ನೋಡುವ ಅಭ್ಯಾಸವಿಲ್ಲದವರ ಕಿವಿಗೂ ಬಿದ್ದಿವೆ ಎಂದರೆ ಅದಕ್ಕೆ ಈ ಅಂಗಡಿ ದೊಡ್ಡ ಕಾರಣ.

ಸಾಮಾನ್ಯವಾಗಿ ಇದನ್ನು ಪಾಲ್ ಡ್ಯುರಾಂ-ರುಯೆಲ್ ಎಂಬ ಒಬ್ಬನ ಕಥೆಯಾಗಿ ಹೇಳುತ್ತಾರೆ. ಊರೆಲ್ಲ ನಗುತ್ತಿದ್ದಾಗ ಆತನೊಬ್ಬ ಆ ಚಿತ್ರಗಳ ಬೆಲೆ ಕಂಡ ಎನ್ನುತ್ತಾರೆ. ಕಂಡದ್ದು ನಿಜ. ಆದರೆ ಕಂಡವರು ಬೇರೆಯವರೂ ಇದ್ದರು. ಸುಂಕದ ಇಲಾಖೆಯ ನೌಕರನಾಗಿದ್ದ ವಿಕ್ತೋರ್ ಶೋಕೆ ಎಂಬಾತ ಯಾರೂ ಕೇಳದ ಕಾಲದಲ್ಲೇ ರೆನ್ವಾರ್, ಸೆಜಾನ್ ಇವರ ಚಿತ್ರಗಳನ್ನು ಕೊಂಡು ಗೋಡೆ ತುಂಬಿಸಿಕೊಂಡಿದ್ದ. ಕಣ್ಣಿದ್ದವರು ಹತ್ತಾರು ಮಂದಿ. ಇಡೀ ದಾಸ್ತಾನನ್ನೇ ಕೊಂಡು, ಅದರ ಮೇಲೆ ಸಾಲ ಎತ್ತಿ, ಮೂವತ್ತು ನಲವತ್ತು ವರ್ಷ ಕಾಯಬಲ್ಲವರು ಬೇಕಿತ್ತು. ಅಷ್ಟು ಕಾಯುವುದಕ್ಕೆ ಒಬ್ಬನ ಆಯಸ್ಸು ಸಾಲದು, ಮನೆತನ ಬೇಕು. ಹಾಗಾಗಿ ನಾನು ಈ ಇತಿಹಾಸವನ್ನು ಒಂದು ಕುಟುಂಬದ ಲೆಕ್ಕದ ಪುಸ್ತಕದಂತೆ ಓದುತ್ತೇನೆ.

ಕಥೆ ಶುರುವಾಗುವುದು ಕಾಗದದ ಅಂಗಡಿಯಲ್ಲಿ. ಸೇನ್ ನದಿಯ ಎಡದಂಡೆಗೆ, ವಿದ್ಯಾರ್ಥಿಗಳು ಕಿಕ್ಕಿರಿದ ಸ್ಯಾಂ-ಜಾಕ್ ಬೀದಿಯಲ್ಲಿ ರುಯೆಲ್ ಮನೆಯವರ ಲೇಖನ ಸಾಮಗ್ರಿಯ ಅಂಗಡಿಯಿತ್ತು. ಆ ಮನೆಯ ಮಗಳನ್ನು ಜಾನ್-ಮಾರಿ ಡ್ಯುರಾಂ ಮದುವೆಯಾದ. ಮದುವೆಯ ಜೊತೆಗೆ ಅಂಗಡಿಯೂ ಬಂತು. ಗಂಡನ ಹೆಸರಿಗೆ ಹೆಂಡತಿಯ ತವರಿನ ಹೆಸರನ್ನು ಹೊಸೆದು ಡ್ಯುರಾಂ-ರುಯೆಲ್ ಎಂದಾಯಿತು. ಮುಂದೆ ಜಗತ್ತಿನ ವಸ್ತುಸಂಗ್ರಹಾಲಯಗಳ ದಾಖಲೆಗಳಲ್ಲೆಲ್ಲ ಸೇರಿಕೊಂಡ ಈ ಹೆಸರಿನಲ್ಲಿ ಅರ್ಧ ಪಾಲು ತವರಿನದು ಎಂಬುದನ್ನು ಗಂಡಸರ ಇತಿಹಾಸ ಬರೆಯುವವರು ಬೇಗ ಮರೆತುಬಿಡುತ್ತಾರೆ.

ಕಾಗದ, ಶಾಯಿ ಮಾರುತ್ತಿದ್ದ ಅಂಗಡಿಗೆ ಕುಂಚ, ಬಣ್ಣ, ಕ್ಯಾನ್ವಾಸ್, ಚಿತ್ರ ನಿಲ್ಲಿಸುವ ಸ್ಟ್ಯಾಂಡು ಬಂದವು. ಅವುಗಳ ಹಿಂದೆಯೇ ಚಿತ್ರಕಾರರು ಬಂದರು. ಚಿತ್ರಕಾರರ ಕೈಯಲ್ಲಿ ಕಾಸು ಇರುವುದು ಅಪರೂಪವಾದ್ದರಿಂದ ಉದ್ರಿಯೂ ಬಂತು. ಬಾಕಿ ಬೆಳೆದಾಗ ಒಂದು ಜಲವರ್ಣವನ್ನೋ ರೇಖಾಚಿತ್ರವನ್ನೋ ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತಿದ್ದರು. ಹಾಗೆ ಬಂದ ಚಿತ್ರವನ್ನು ಅಂಗಡಿಯವರು ಕಿಟಕಿಯಲ್ಲಿ ತೂಗುಹಾಕುತ್ತಿದ್ದರು. ಕೊಳ್ಳುವವರು ಸಿಕ್ಕರೆ ಮಾರಾಟ. ಸಿಗದಿದ್ದರೆ, ನೋಡಿ ನಕಲು ಮಾಡಿ ಕಲಿಯುವ ಹವ್ಯಾಸಿಗಳಿಗೆ ಬಾಡಿಗೆ. 1839ರ ಹೊತ್ತಿಗೆ ಅಂಗಡಿ ಗ್ಯಾಲರಿಯಾಗಿತ್ತು. ಕಾಗದ ಹಿಂದೆ ಸರಿದು ಚಿತ್ರ ಮುಂದೆ ಬಂದಿತ್ತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಚಿತ್ರಕಾರನಿಗೆ ಮೊದಲು ಕೊಡುವುದು, ಆಮೇಲೆ ಚಿತ್ರ ಪಡೆಯುವುದು, ಗಿರಾಕಿ ಬರುವ ತನಕ ಇಟ್ಟುಕೊಳ್ಳುವುದು. ಪಾಲ್ ಮುಂದೆ ಮಾಡಿದ್ದೂ ಇದನ್ನೇ. ಅಪ್ಪ ಕುಂಚ, ಬಣ್ಣಗಳನ್ನು ಉದ್ರಿ ಕೊಟ್ಟ. ಮಗ ಮನೆಬಾಡಿಗೆ, ದರ್ಜಿಯ ಬಾಕಿ, ವೈದ್ಯರ ಬಾಕಿ ಕಟ್ಟಿದ. ಉದ್ರಿ ಪುಸ್ತಕದ ಪುಟಗಳು ದಪ್ಪವಾದವು, ಅಷ್ಟೇ.

ಪಾಲ್ ಹುಟ್ಟಿದ್ದು 1831ರಲ್ಲಿ. ಹುಡುಗನಿಗೆ ವ್ಯಾಪಾರ ಬೇಡವಾಗಿತ್ತು. ಒಂದೋ ಧರ್ಮಪ್ರಚಾರಕ, ಇಲ್ಲವೇ ಸೈನಿಕ ಆಗಬೇಕೆಂಬ ಆಸೆ. ಸ್ಯಾಂ-ಸೀರ್ ಸೈನಿಕ ಶಾಲೆಗೆ ಪ್ರವೇಶವೂ ಸಿಕ್ಕಿತ್ತು. ಆರೋಗ್ಯ ಕೈಕೊಟ್ಟದ್ದರಿಂದ ಅಂಗಡಿಗೆ ಮರಳಿದ. 1855ರ ವಿಶ್ವ ಪ್ರದರ್ಶನದಲ್ಲಿ ಡೆಲಕ್ರ್ವಾನ ಚಿತ್ರಗಳನ್ನು ಒಟ್ಟಾಗಿ ಕಂಡ ಮೇಲೆ ಅಂಗಡಿಯ ಬಗ್ಗೆ ಇದ್ದ ಬೇಸರ ಹೋಯಿತೆಂದು ಆತನೇ ಬರೆದುಕೊಂಡಿದ್ದಾನೆ. 1865ರಲ್ಲಿ ಅಪ್ಪ ತೀರಿಕೊಂಡಾಗ ವ್ಯವಹಾರವೆಲ್ಲ ಆತನ ಕೈಗೆ ಬಂತು. ನಿಸರ್ಗ ಚಿತ್ರಕಾರ ತಿಯೊಡೋರ್ ರೂಸೊನ ಎಪ್ಪತ್ತರಷ್ಟು ಚಿತ್ರಗಳನ್ನು ಇನ್ನೊಬ್ಬ ವ್ಯಾಪಾರಿಯ ಜೊತೆ ಸೇರಿ ಒಂದೇ ಬಾರಿಗೆ ಕೊಂಡದ್ದು ಅದಾದ ಸ್ವಲ್ಪ ದಿನಕ್ಕೆ. ಬಿಡಿಯಾಗಿ ಕೊಳ್ಳದೆ ರಾಶಿಯಾಗಿ ಕೊಳ್ಳುವ ಚಟ ಅಲ್ಲಿಂದಲೇ ಅಂಟಿತು.

1870ರ ಯುದ್ಧದಲ್ಲಿ ಪ್ರಷ್ಯಾದ ಸೇನೆ ಪ್ಯಾರಿಸ್ಸಿನತ್ತ ಬರುತ್ತಿದ್ದಂತೆ ದಾಸ್ತಾನನ್ನು ಕಟ್ಟಿಕೊಂಡು ಲಂಡನ್ನಿಗೆ ಹೋದ. ನ್ಯೂ ಬಾಂಡ್ ಬೀದಿಯ 168ನೇ ನಂಬರಿನಲ್ಲಿ ಬಾಡಿಗೆಗೆ ಸಿಕ್ಕ ಜಾಗದ ಹೆಸರು 'ಜರ್ಮನ್ ಗ್ಯಾಲರಿ'. ಜರ್ಮನರಿಂದ ತಪ್ಪಿಸಿಕೊಂಡು ಬಂದವನು ಅದೇ ಹೆಸರಿನ ಫಲಕದ ಕೆಳಗೆ ಕುಳಿತು ಫ್ರೆಂಚ್ ಚಿತ್ರ ಮಾರಬೇಕಾಯಿತು. ಯುದ್ಧಕ್ಕೆ ಹೆದರಿ ಲಂಡನ್ ಸೇರಿದವರಲ್ಲಿ ಚಿತ್ರಕಾರರೂ ಇದ್ದರು. ಹಿರಿಯನಾದ ಡೊಬಿನ್ಯಿ ಅಲ್ಲಿಗೆ ಮೋನೆಯನ್ನು ಕರೆತಂದ. ಪಿಸಾರೊ ಕೂಡ ಅಲ್ಲೇ ಸಿಕ್ಕಿದ. ಕಾಗದದ ಅಂಗಡಿಯ ಮೊಮ್ಮಗನಿಗೆ ಮುಂದಿನ ಐವತ್ತು ವರ್ಷದ ಸರಕು ಹೀಗೆ ಪರದೇಶದಲ್ಲಿ ಕಣ್ಣಿಗೆ ಬಿತ್ತು.

ಅದೇ ಹೊತ್ತಿಗೆ ಮನೆಯಲ್ಲಿ ದುರಂತ. 1871ರ ನವೆಂಬರಿನಲ್ಲಿ ಗರ್ಭಿಣಿಯಾಗಿದ್ದ ಹೆಂಡತಿ ತೀರಿಕೊಂಡಳು. ನಲವತ್ತರ ಪಾಲ್, ಐದು ಮಕ್ಕಳು. ದೊಡ್ಡವನಿಗೆ ಒಂಬತ್ತು ವರ್ಷ. ಆತ ಮತ್ತೆ ಮದುವೆಯಾಗಲಿಲ್ಲ. ಇದಾದ ಎರಡೇ ತಿಂಗಳಿಗೆ, 1872ರ ಜನವರಿಯಲ್ಲಿ, ಆತ ಮಾಡಿದ ಖರೀದಿಯನ್ನು ನೋಡಿ. ಆಲ್ಫ್ರೆಡ್ ಸ್ಟೀವನ್ಸ್ ಎಂಬ ಚಿತ್ರಕಾರನ ಸ್ಟುಡಿಯೋದಲ್ಲಿ ಮಾನೆಯ ಎರಡು ಚಿತ್ರಗಳಿದ್ದವು. (ಮಾನೆ ಬೇರೆ, ಮೋನೆ ಬೇರೆ. ಪ್ಯಾರಿಸ್ಸಿನವರೇ ಗೊಂದಲ ಮಾಡಿಕೊಂಡಿದ್ದಾರೆ, ನೀವು ಮಾಡಿಕೊಂಡರೆ ತಪ್ಪಿಲ್ಲ.) ಒಂದು ಮೇಜಿನ ಮೇಲಿಟ್ಟ ಸಾಲ್ಮನ್ ಮೀನಿನ ಚಿತ್ರ, ಇನ್ನೊಂದು ಬೆಳದಿಂಗಳಿನಲ್ಲಿ ಬೂಲೋನ್ ಬಂದರು. ಎರಡನ್ನೂ ಮನೆಗೆ ಒಯ್ದು ನೋಡಿದ. ಮಾರನೆಯ ದಿನ ನೇರವಾಗಿ ಮಾನೆಯ ಸ್ಟುಡಿಯೋಗೆ ಹೋಗಿ ಅಲ್ಲಿದ್ದ ಇಪ್ಪತ್ತಮೂರು ಚಿತ್ರಗಳನ್ನು 35,000 ಫ್ರಾಂಕಿಗೆ ಕೊಂಡ. ಒಂದಕ್ಕೆ ಒಂದೂವರೆ ಸಾವಿರದಷ್ಟು ಬಿತ್ತು. ಅಂದಿನ ದರದಲ್ಲಿ ಅದು ಅಗ್ಗವೇನಲ್ಲ, ಯಾಕೆಂದರೆ ಮಾನೆಗೆ ಆಗ ಗಿರಾಕಿಗಳು ತೀರಾ ಕಡಿಮೆ.

ಈ ಖರೀದಿಯನ್ನು ಧೈರ್ಯ ಎಂದು ಹೊಗಳುವವರಿದ್ದಾರೆ. ನನಗೆ ಕಾಣುವುದು ಬೇರೆ ಲೆಕ್ಕ. ಒಂದು ಚಿತ್ರ ಕೊಂಡರೆ ಅದರ ಬೆಲೆಯನ್ನು ಊರು ನಿರ್ಧರಿಸುತ್ತದೆ. ಇರುವ ಚಿತ್ರಗಳನ್ನೆಲ್ಲ ಕೊಂಡರೆ ಬೆಲೆ ನಿರ್ಧರಿಸುವವನು ಅಂಗಡಿಯವನು. ಪಾಲ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ತನ್ನ ಚಿತ್ರಕಾರರ ಕೃತಿಗಳು ಹರಾಜಿಗೆ ಬಂದಾಗ ದರ ಬೀಳದಂತೆ ತಾನೇ ಕೂಗಿ ಕೊಳ್ಳುತ್ತಿದ್ದ. ಇದನ್ನು ಪೇಟೆ ಕಾಯುವುದು ಎನ್ನಬಹುದು, ಪೇಟೆ ಏರಿಸುವುದು ಎಂದೂ ಅನ್ನಬಹುದು. ಎರಡಕ್ಕೂ ನಡುವಿನ ಗೆರೆ ತೆಳ್ಳಗಿದೆ, ಆತ ಆ ಗೆರೆಯ ಮೇಲೆಯೇ ನಡೆದ.

ನಡೆದವನು ಬೀಳಲೂ ಬೇಕಲ್ಲ. ಎರಡು ಸಾರಿ ಬಿದ್ದ. 1873ರ ಆರ್ಥಿಕ ಕುಸಿತದ ನಂತರ ಖರೀದಿಯನ್ನೇ ನಿಲ್ಲಿಸಬೇಕಾಯಿತು. ಈ ಚಿತ್ರಕಾರರ ಹೊಸ ಶೈಲಿಗೆ ಇಂಪ್ರೆಷನಿಸಂ ಎಂಬ ಹೆಸರು ಬರಲು ಕಾರಣವಾದ ಮೋನೆಯ ಸೂರ್ಯೋದಯದ ಚಿತ್ರವನ್ನೇ ತೆಗೆದುಕೊಳ್ಳಿ. 1874ರಲ್ಲಿ ಈ ಗ್ಯಾಲರಿಯ ಮೂಲಕವೇ ಎರ್ನೆಸ್ಟ್ ಓಶೆದೆ ಎಂಬ ಬಟ್ಟೆ ವ್ಯಾಪಾರಿ ಅದನ್ನು 800 ಫ್ರಾಂಕಿಗೆ ಕೊಂಡ. ಓಶೆದೆ ದಿವಾಳಿಯೆದ್ದು 1878ರಲ್ಲಿ ಅವನ ಸಂಗ್ರಹ ಹರಾಜಾದಾಗ ಅದೇ ಚಿತ್ರಕ್ಕೆ ಬಂದದ್ದು 210 ಫ್ರಾಂಕ್. ಒಬ್ಬ ಗಿರಾಕಿ ಮುಳುಗಿದರೆ ಕೊಟ್ಟ ಚಿತ್ರವೆಲ್ಲ ಒಟ್ಟಿಗೆ ಪೇಟೆಗೆ ಮರಳಿ ಬಂದು ಅಂಗಡಿಯಲ್ಲಿರುವ ದಾಸ್ತಾನಿನ ದರವನ್ನೂ ಎಳೆದು ಕೆಡವುತ್ತದೆ. 1875ರಲ್ಲಿ ದ್ರುವೊ ಹರಾಜು ಕೇಂದ್ರದಲ್ಲಿ ಮೋನೆ, ರೆನ್ವಾರ್, ಸಿಸ್ಲೆ, ಮೊರಿಸೊ ಇವರ ಚಿತ್ರಗಳನ್ನು ಕೂಗಿದಾಗ ಗಲಾಟೆಯಾಗಿ ಪೊಲೀಸರನ್ನು ಕರೆಸಬೇಕಾಯಿತು. ಬೆಲೆ ಕಟ್ಟುವ ತಜ್ಞನಾಗಿ ಅಲ್ಲಿ ಕುಳಿತಿದ್ದವನು ಪಾಲ್.

ಮರುವರ್ಷ ಇಂಪ್ರೆಷನಿಸ್ಟರ ಎರಡನೆಯ ಪ್ರದರ್ಶನ ನಡೆದದ್ದು ಆತನ ಗ್ಯಾಲರಿಯಲ್ಲೇ, ಲ ಪೆಲ್ತಿಯೆ ಬೀದಿಯಲ್ಲಿ. ಆ ಬೀದಿಯಲ್ಲಿದ್ದ ಒಪೆರಾ ಕಟ್ಟಡ 1873ರಲ್ಲಿ ಸುಟ್ಟುಹೋಗಿತ್ತು. ಪತ್ರಿಕೆಯ ವಿಮರ್ಶಕನೊಬ್ಬ ಅದನ್ನೇ ಹಿಡಿದು, ಬೆಂಕಿಯ ಬಳಿಕ ಈ ಬೀದಿಗೆ ಇನ್ನೊಂದು ಅನಾಹುತ ವಕ್ಕರಿಸಿದೆ ಎಂದು ಬರೆದ. ಕುಹಕ ಕೆಟ್ಟದ್ದು, ಆದರೆ ಬರವಣಿಗೆ ಚುರುಕಾಗಿತ್ತು ಎಂದು ಒಪ್ಪಲೇಬೇಕು.

ಎರಡನೆಯ ಸಾರಿ ಬಿದ್ದದ್ದು ಇನ್ನೂ ಜೋರು. 1880ರ ಸುಮಾರಿಗೆ ಯೂನಿಯೋಂ ಜೆನೆರಾಲ್ ಬ್ಯಾಂಕಿನ ಜೂಲ್ ಫೆದೆರ್ ಹಣ ಒದಗಿಸತೊಡಗಿದ್ದ. ಪಾಲ್ ಮತ್ತೆ ಕೊಳ್ಳತೊಡಗಿದ, ಚಿತ್ರಕಾರರಿಗೆ ತಿಂಗಳು ತಿಂಗಳು ಹಣ ಹೋಗತೊಡಗಿತು. 1882ರ ಆರಂಭದಲ್ಲಿ ಆ ಬ್ಯಾಂಕು ಕುಸಿಯಿತು. ಫೆದೆರ್ ಕೊಟ್ಟದ್ದನ್ನು ಹಿಂದಿರುಗಿಸಬೇಕಾಯಿತು. ಮುಂದಿನ ಮೂರು ನಾಲ್ಕು ವರ್ಷ ಆ ಮನೆಗೆ ಬಂದ ಪತ್ರಗಳನ್ನು ಓದಿದರೆ ಕರುಳು ಚುರ್ ಎನ್ನುತ್ತದೆ. ಪಿಸಾರೊ, ಮೋನೆ, ಸಿಸ್ಲೆ ಎಲ್ಲರೂ ಕೇಳುವುದು ಒಂದೇ, ಸ್ವಲ್ಪ ಹಣ ಕಳುಹಿಸಿ. ಈತ ಎಲ್ಲಿಂದಲೋ ಹೊಂದಿಸಿ ಒಂದಿಷ್ಟು ಕಳುಹಿಸುತ್ತಾನೆ, ಉಳಿದದ್ದಕ್ಕೆ ವಾಯಿದೆ ಹೇಳುತ್ತಾನೆ. ಗೋದಾಮಿನಲ್ಲಿ ರಾಶಿ ಚಿತ್ರ, ಗಲ್ಲಾಪೆಟ್ಟಿಗೆಯಲ್ಲಿ ಏನೂ ಇಲ್ಲ.

ಇಷ್ಟಾದರೂ ಬಾಗಿಲು ಮುಚ್ಚಲಿಲ್ಲ. ಬಾಗಿಲು ಎಂದೆನಲ್ಲ, ಅದನ್ನು ಹತ್ತಿರದಿಂದ ನೋಡೋಣ. ರೋಮ್ ಬೀದಿಯ 35ನೇ ನಂಬರಿನಲ್ಲಿ ಪಾಲ್‌ನ ವಾಸದ ಮನೆ. ಅದೇ ಕೆಟ್ಟ ವರ್ಷ, 1882ರಲ್ಲಿ, ಅಲ್ಲಿನ ಬೈಠಕ್ ಕೋಣೆಯ ಆರು ಬಾಗಿಲುಗಳಿಗೆ ಚಿತ್ರ ಬರೆಯುವ ಕೆಲಸವನ್ನು ಮೋನೆಗೆ ಒಪ್ಪಿಸಿದ. ಮೋನೆ 1885ರ ತನಕ ಎಳೆದಾಡಿ ಮೂವತ್ತಾರು ಫಲಕಗಳನ್ನು ಮುಗಿಸಿದ. ಹೂವು, ಹಣ್ಣು, ಸಣ್ಣ ಸಣ್ಣ ಅಗಲದಲ್ಲಿ, ಬಾಗಿಲಿನ ಚೌಕಗಳಿಗೆ ಸರಿಯಾಗಿ ಕೂರುವಂತೆ. ಕೋಣೆಯಿಂದ ಕೋಣೆಗೆ ಹೋಗುವವನು ಮೋನೆಯನ್ನು ತಳ್ಳಿಕೊಂಡು ಹೋಗಬೇಕು! ಗೋಡೆಯ ಮೇಲೆ ರೆನ್ವಾರ್. ಈ ಮನೆಯನ್ನು ವಾರಕ್ಕೊಮ್ಮೆ ಹೊರಗಿನವರಿಗೂ ತೆರೆದಿಡುತ್ತಿದ್ದರು. ಗ್ಯಾಲರಿಯಲ್ಲಿ ಹುಚ್ಚಾಟದಂತೆ ಕಾಣುವ ಚಿತ್ರ, ಸೋಫಾದ ಹಿಂದೆ, ದೀಪದ ಪಕ್ಕ, ಮಕ್ಕಳು ಓಡಾಡುವ ಜಾಗದಲ್ಲಿ ಸಹಜವಾಗಿ ಕಾಣುತ್ತದೆ. ಶ್ರೀಮಂತ ಗಿರಾಕಿ ಅದನ್ನು ತನ್ನ ಮನೆಯಲ್ಲಿ ಊಹಿಸಿಕೊಳ್ಳುತ್ತಾನೆ. ಕುಟುಂಬದ ಬದುಕೇ ಅಂಗಡಿಯ ಕಿಟಕಿಯಾಗಿತ್ತು.

ಮಕ್ಕಳೂ ಅದರಿಂದ ಹೊರತಾಗಿರಲಿಲ್ಲ. ಅದೇ 1882ರಲ್ಲಿ ರೆನ್ವಾರ್ ಐವರ ಚಿತ್ರವನ್ನೂ ಬರೆದ. ಹೆಣ್ಣುಮಕ್ಕಳಿಬ್ಬರು ಬೆಂಚಿನ ಮೇಲೆ ಕುಳಿತಿರುವ ಚಿತ್ರ ಈಗ ಅಮೆರಿಕದ ನಾರ್ಫೋಕ್‌ನಲ್ಲಿರುವ ಕ್ರೈಸ್ಲರ್ ಸಂಗ್ರಹಾಲಯದಲ್ಲಿದೆ. ಮರಗಳೆಡೆಯಿಂದ ಸೋರಿದ ಬಿಸಿಲು ಹುಡುಗಿಯರ ಉಡುಪಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿದೆ. ಸಾಲಗಾರರು ಬಾಗಿಲು ತಟ್ಟುತ್ತಿದ್ದ ಮನೆಯ ಮಕ್ಕಳು ಎಂದು ಅವರನ್ನು ನೋಡಿದರೆ ಯಾರೂ ಹೇಳಲಾರರು.

ಆತನ ಸ್ವಭಾವದ ಬಗ್ಗೆಯೂ ಒಂದು ಮಾತು. ಪಾಲ್ ಕಟ್ಟಾ ಕ್ಯಾಥೊಲಿಕ್, ಫ್ರಾನ್ಸಿಗೆ ರಾಜನೇ ಮರಳಿ ಬರಲಿ ಎನ್ನುತ್ತಿದ್ದವನು. ಆತ ಮಾರಿದ್ದು ಪ್ಯಾರಿಸ್ ಕಮ್ಯೂನ್ ದಂಗೆಯಲ್ಲಿ ಸೇರಿ ಜೈಲಿಗೆ ಹೋದ ಕೂರ್ಬೆಯ ಚಿತ್ರಗಳನ್ನು, ಯಹೂದಿಯೂ ಅರಾಜಕತಾವಾದಿಯೂ ಆದ ಪಿಸಾರೊನ ಚಿತ್ರಗಳನ್ನು. ಇದು ವಿಶಾಲ ಮನಸ್ಸೋ ವ್ಯಾಪಾರಿಯ ಬುದ್ಧಿಯೋ ಎಂದು ಕೇಳಿದರೆ, ಒಳ್ಳೆಯ ಅಂಗಡಿಯವನು ಗಿರಾಕಿಯ ಜಾತಕ ಕೇಳುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಪಾರಾದದ್ದು ಸಮುದ್ರ ದಾಟಿ. ನ್ಯೂಯಾರ್ಕಿನ ಅಮೆರಿಕನ್ ಆರ್ಟ್ ಅಸೋಸಿಯೇಷನ್ ಪ್ರದರ್ಶನಕ್ಕೆ ಕರೆ ಕಳುಹಿಸಿತು. 1886ರ ಏಪ್ರಿಲ್‌ನಲ್ಲಿ ಸುಮಾರು ಮುನ್ನೂರು ಚಿತ್ರಗಳು ಅಲ್ಲಿ ತೂಗಿದವು. ಅಲ್ಲಿನವರು ನಗಲು ಬರಲಿಲ್ಲ, ನೋಡಲು ಬಂದರು, ಕೆಲವರು ಕೊಂಡರು. ಆದರೆ ವಿದೇಶಿ ಚಿತ್ರಗಳ ಮೇಲೆ ಆಗ 30 ಶೇಕಡಾ ಆಮದು ಸುಂಕ, ಜೊತೆಗೆ ಅಲ್ಲಿನ ಚಿತ್ರವ್ಯಾಪಾರಿಗಳ ತಕರಾರು. ಹೋಗಿ ಬಂದು ಮಾಡುವ ವ್ಯಾಪಾರ ಇದಲ್ಲ ಎಂದು ತಿಳಿಯಿತು. 1887ರಲ್ಲಿ ಅಲ್ಲೇ ಶಾಖೆ ತೆರೆದು, ಮುಂದೆ ಅದನ್ನು ನೋಡಿಕೊಳ್ಳಲು ಮಕ್ಕಳನ್ನು ಬಿಟ್ಟ. ಜೋಸೆಫ್, ಶಾರ್ಲ್, ಜಾರ್ಜ್ ಮೂವರೂ ಇಪ್ಪತ್ತರ ಆಸುಪಾಸಿನವರು. ಶಾರ್ಲ್ 1892ರಲ್ಲೇ ತೀರಿಕೊಂಡ. ಉಳಿದ ಇಬ್ಬರು ಎರಡು ದಡಗಳ ನಡುವೆ ಓಡಾಡಿಕೊಂಡು ನಡೆಸಿದರು.

ಕುಟುಂಬ ಎಂಬುದು ಇಲ್ಲಿ ಉಪಯೋಗಕ್ಕೆ ಬಂತು. ಹಡಗಿನಲ್ಲಿ ವಾರದಷ್ಟು ದೂರದ ಊರಿನಲ್ಲಿ, ಬೆಲೆ ಚೀಟಿಯೇ ಇಲ್ಲದ ಸರಕನ್ನು ಯಾರ ಕೈಗೆ ಕೊಡುತ್ತೀರಿ? ಸಂಬಳದವನು ಇಂದಿನ ಮಾರಾಟ ನೋಡುತ್ತಾನೆ. ಮಗನಾದವನಿಗೆ ಈ ಚಿತ್ರ ಇನ್ನು ಹತ್ತು ವರ್ಷಕ್ಕೆ ಮಾರಿದರೂ ತನ್ನದೇ ಎಂಬುದು ಗೊತ್ತು. ಗಿರಾಕಿಗಳು ಸಿಕ್ಕಿದ್ದೂ ಮನೆ ಮನೆಯ ನಂಟಿನಿಂದ. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಅಮೆರಿಕದ ಚಿತ್ರಕಾರ್ತಿ ಮೇರಿ ಕಸಾಟ್ ತನ್ನ ಗೆಳತಿ ಲೂಯಿಸಿನ್ ಹ್ಯಾವ್‌ಮೇಯರ್‌ಗೆ ಏನು ಕೊಳ್ಳಬೇಕೆಂದು ಹೇಳಿಕೊಟ್ಟಳು. ಹ್ಯಾವ್‌ಮೇಯರ್ ದಂಪತಿಯ ಸಕ್ಕರೆ ಉದ್ಯಮದ ಹಣ ಈ ಗ್ಯಾಲರಿಗೆ ಹರಿದು ಬಂತು. ಷಿಕಾಗೋದ ಬರ್ತಾ ಪಾಮರ್ 1890ರ ದಶಕದ ಆರಂಭದಲ್ಲಿ ಮೋನೆಯನ್ನು ಡಜನ್ ಲೆಕ್ಕದಲ್ಲಿ ಕೊಂಡಳು.

ಇದು ಎಲ್ಲರಿಗೂ ಹಿಡಿಸಲಿಲ್ಲ. ತನ್ನ ಚಿತ್ರಗಳೆಲ್ಲ ಅಮೆರಿಕಕ್ಕೆ ಹೋಗಿ ಪ್ಯಾರಿಸ್ಸಿನ ಕಣ್ಣಿಗೆ ಬೀಳದಂತಾಗುತ್ತದೆ ಎಂದು ಮೋನೆ ಮುನಿಸಿಕೊಂಡ. ಬರೀ ಮುನಿಸಲ್ಲ, ಬೇರೆ ಅಂಗಡಿಗಳಿಗೂ ಚಿತ್ರ ಕೊಟ್ಟ. ವಿನ್ಸೆಂಟ್ ವ್ಯಾನ್ ಗೋನ ತಮ್ಮ ತಿಯೊ ಕೆಲಸ ಮಾಡುತ್ತಿದ್ದ ಸಂಸ್ಥೆಗೂ ಹೋಯಿತು. ಕಷ್ಟದಲ್ಲಿ ಕೈಹಿಡಿದವನನ್ನು ಬಿಟ್ಟ ಎಂದು ಮೋನೆಯನ್ನು ದೂರುವವರ ಪಕ್ಷ ನಾನಲ್ಲ. ಒಬ್ಬನೇ ಕೊಳ್ಳುವವನಿದ್ದರೆ ಬೆಲೆ ಹೇಳುವವನೂ ಅವನೇ ಎಂಬುದನ್ನು ಮೋನೆ ಕಲಿತದ್ದೇ ಪಾಲ್‌ನಿಂದ. ಆದರೂ 1891ರಲ್ಲಿ ಹುಲ್ಲಿನ ಮೆದೆಗಳ ಹದಿನೈದು ಚಿತ್ರಗಳನ್ನು ಮೊದಲು ತೋರಿಸಿದ್ದು ಇದೇ ಗ್ಯಾಲರಿಯಲ್ಲಿ, 1895ರಲ್ಲಿ ರೂಆಂ ಚರ್ಚಿನ ಇಪ್ಪತ್ತು, 1909ರಲ್ಲಿ ನೈದಿಲೆಯ ಕೊಳದ ನಲವತ್ತೆಂಟು. ಜಗಳವಾಡಿದರೂ ಗೋಡೆ ಮಾತ್ರ ಅದೇ.

1891ರಿಂದ 1922ರ ತನಕ ಈ ಮನೆ ಕೊಂಡ ಚಿತ್ರಗಳು ಸುಮಾರು 12,000. ರೆನ್ವಾರ್‌ನವು ಸಾವಿರದ ಐನೂರರಷ್ಟು, ಮೋನೆಯವು ಸಾವಿರಕ್ಕೂ ಹೆಚ್ಚು, ಪಿಸಾರೊನವು ಎಂಟುನೂರು. ತಾನು ಅರವತ್ತಕ್ಕೇ ಸತ್ತಿದ್ದರೆ ಸಾಲದಲ್ಲಿ ಮುಳುಗಿ, ಯಾರೂ ಬೆಲೆ ಅರಿಯದ ನಿಧಿಯ ನಡುವೆ ದಿವಾಳಿಯಾಗಿ ಸಾಯುತ್ತಿದ್ದೆ ಎಂದು ಮುದುಕನಾದ ಪಾಲ್ ಹೇಳಿಕೊಂಡದ್ದಿದೆ. ತೊಂಬತ್ತು ದಾಟಿ 1922ರ ಫೆಬ್ರವರಿಯಲ್ಲಿ ತೀರಿಕೊಂಡ. ಆತನ ಯಶಸ್ಸಿನಲ್ಲಿ ದೀರ್ಘಾಯುಷ್ಯದ ಪಾಲನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ.

ಮರುವರ್ಷ ಮಕ್ಕಳು ಒಂದು ಮಾರಾಟ ಮಾಡಿದರು. ರೆನ್ವಾರ್‌ನ ದೊಡ್ಡ ಚಿತ್ರ, ನದಿಯ ದಂಡೆಯ ಹೋಟೆಲಿನ ಜಗಲಿಯಲ್ಲಿ ದೋಣಿ ವಿಹಾರದವರು ಊಟ ಮುಗಿಸಿ ಹರಟುತ್ತಿರುವುದು. ಅಪ್ಪ ಅದನ್ನು ಮೊದಲು ಕೊಂಡದ್ದು 1881ರಲ್ಲಿ. 1923ರಲ್ಲಿ ಅಮೆರಿಕದ ಡಂಕನ್ ಫಿಲಿಪ್ಸ್ 1,25,000 ಡಾಲರ್ ಕೊಟ್ಟ. ವಾಷಿಂಗ್ಟನ್ನಿನ ಫಿಲಿಪ್ಸ್ ಸಂಗ್ರಹದಲ್ಲಿ ಇಂದಿಗೂ ಜನ ಹುಡುಕಿಕೊಂಡು ಹೋಗಿ ನೋಡುವುದು ಅದನ್ನೇ.

ಆದರೆ ಈ ದಾಸ್ತಾನು ವರವಾದಂತೆ ಬಂಧನವೂ ಆಯಿತು. ಗೋದಾಮಿನಲ್ಲಿ ಅಪ್ಪ, ಅಜ್ಜ ಕೂಡಿಟ್ಟ ಸರಕು ಇದ್ದು, ಅದರ ಬೆಲೆ ವರ್ಷದಿಂದ ವರ್ಷಕ್ಕೆ ತಾನಾಗಿ ಏರುತ್ತಿದ್ದರೆ ಹೊಸಬನ ಮೇಲೆ ಹಣ ಹೂಡುವ ಹುಚ್ಚು ಯಾರಿಗೆ ಬೇಕು? ಪಾಲ್ 1893ರಲ್ಲಿ ಗೊಗ್ಯಾನ ತಹೀತಿ ಚಿತ್ರಗಳಿಗೆ ಜಾಗ ಕೊಟ್ಟಿದ್ದ ನಿಜ, ಆದರೆ ಹಿಂದೆ ನಿಂತು ನಡೆಸಲಿಲ್ಲ. ಸೆಜಾನ್ ಹೋದದ್ದು ವೊಲಾರ್ ಅಂಗಡಿಗೆ, ಪಿಕಾಸೊ ಮತ್ತು ಬ್ರಾಕ್ ಹೋದದ್ದು ಕಾನ್‌ವೈಲರ್ ಅಂಗಡಿಗೆ. ಈ ಅಂಗಡಿಯವರಿಬ್ಬರೂ ಪೇಟೆಗೆ ಹೊಸಬರು. ಹೊಸತನ್ನು ನಂಬಿ ಬೆಳೆದ ಮನೆತನ, ಹಳತನ್ನು ಮಾರಿ ಬದುಕುವ ಮನೆತನವಾಯಿತು. ಮೊಮ್ಮಕ್ಕಳ ಕಾಲಕ್ಕೆ, 1950ರಲ್ಲಿ ನ್ಯೂಯಾರ್ಕ್ ಶಾಖೆ ಮುಚ್ಚಿತು. 1974ರಲ್ಲಿ ಪ್ಯಾರಿಸ್ಸಿನದೂ ಮುಚ್ಚಿತು. ದಿವಾಳಿಯಲ್ಲ, ಗದ್ದಲವಿಲ್ಲ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಎದ್ದು ಕೇಳಿದರು: "ಸ್ವಾಮಿ, ನೀವು ಎಷ್ಟೇ ಹೇಳಿದರೂ ಕೊನೆಗೆ ಲಾಭ ಆದದ್ದು ಅಂಗಡಿಯವನಿಗೆ. ಸಿಸ್ಲೆ ಬಡವನಾಗಿಯೇ ಸತ್ತನಲ್ಲ?"

ಪ್ರಶ್ನೆ ನ್ಯಾಯವಾದದ್ದು. 1899ರಲ್ಲಿ ಸಿಸ್ಲೆ ತೀರಿಕೊಂಡಾಗ ಆತನ ಚಿತ್ರಗಳಿಗೆ ಬೆಲೆ ಬಂದಿರಲಿಲ್ಲ, ಸತ್ತ ಮೇಲೆ ಬೇಗನೆ ಏರಿತು. ಏರಿದ ಬೆಲೆಯಲ್ಲಿ ಸಿಸ್ಲೆಯ ಪಾಲು ಸೊನ್ನೆ. ಆದರೆ ಮೋನೆ, ರೆನ್ವಾರ್ ಇಬ್ಬರೂ ಸಿರಿವಂತರಾಗಿಯೇ ತೀರಿಕೊಂಡರು. ಒಂದೇ ಅಂಗಡಿ, ಒಂದೇ ಉದ್ರಿ ಪುಸ್ತಕ. ಬದುಕಿ ಕಾದವರಿಗೆ ಸಿಕ್ಕಿತು, ಕಾಯಲಾಗದವರಿಗೆ ಸಿಗಲಿಲ್ಲ. ಅಂಗಡಿಯವನ ಮೇಲೆ ತಪ್ಪು ಹೊರಿಸಬಹುದೇ ಎಂದರೆ, ಪೂರ್ತಿ ಹೊರಿಸಲಾರೆ, ಪೂರ್ತಿ ಬಿಡಲೂ ಆರೆ ಎಂದು ಉತ್ತರಿಸಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಇನ್ನೊಬ್ಬರು, ಗ್ಯಾಲರಿ ಮುಚ್ಚಿದ ಮೇಲೆ ಏನು ಉಳಿಯಿತು ಎಂದು ಕೇಳಿದರು. ಉಳಿದದ್ದು ದಾಖಲೆಗಳು, ಅವು ಈಗಲೂ ಕುಟುಂಬದ ಬಳಿ ಇವೆ. ಕೊಂಡ ಪ್ರತಿ ಚಿತ್ರಕ್ಕೂ ಅಂಗಡಿಯಲ್ಲಿ ಒಂದು ದಾಸ್ತಾನು ಸಂಖ್ಯೆ ಇತ್ತು. ಅದನ್ನು ಸಣ್ಣ ಚೀಟಿಯಲ್ಲಿ ಬರೆದು ಚಿತ್ರದ ಹಿಂಬದಿಯ ಮರದ ಪಟ್ಟಿಗೆ ಅಂಟಿಸುತ್ತಿದ್ದರು. ಅದೇ ಸಂಖ್ಯೆ ಲೆಕ್ಕದ ಪುಸ್ತಕದಲ್ಲಿ, ಯಾರಿಂದ ಬಂತು, ಎಷ್ಟಕ್ಕೆ ಬಂತು, ಯಾರಿಗೆ ಹೋಯಿತು ಎಂಬ ವಿವರದೊಡನೆ. ಇಂದು ಯಾವುದೋ ಸಂಗ್ರಹಾಲಯದವರು ಒಂದು ಮೋನೆಯನ್ನು ಗೋಡೆಯಿಂದ ಇಳಿಸಿ, ತಿರುಗಿಸಿ, ಅಂಟು ಒಣಗಿ ಅಂಚು ಸುರುಟಿಕೊಂಡ ಆ ಚೀಟಿಯ ಮೇಲಿನ ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ, ಆಮೇಲೆ ಪ್ಯಾರಿಸ್ಸಿಗೆ ಒಂದು ಪತ್ರ ಹಾಕುತ್ತಾರೆ.